ಕೌದಿಯ ಮೊದಲ ಸುತ್ತು: ಅಳುಕು ಬಿಟ್ಟು ಗುರಿ ಕಟ್ಟಿಕೊಳ್ಳುವ ಬಗೆ

ಮೈಸೂರು ಕೈಕೆಲಸಕ್ಕೆ ಹೆಸರಾದ ಊರು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ಕಾರ್ಖಾನೆಯ ರೇಷ್ಮೆ ಸೀರೆ, ಬೀಟೆಮರದ ಇನ್‌ಲೇ ಕೆಲಸ, ಚಿನ್ನದ ರೇಕಿನ ಸಾಂಪ್ರದಾಯಿಕ ಚಿತ್ರಕಲೆ, ಊದುಬತ್ತಿ - ಇವೆಲ್ಲಕ್ಕೂ ಊರಿನ ಹೆಸರೇ ಮುದ್ರೆ. ಇವನ್ನು ಮಾಡುವವರಿಗೆ ತಾವು ಕಸುಬುದಾರರೆಂಬ ಹೆಮ್ಮೆಯೂ ಇದೆ. ಆದರೆ ಇದೇ ಊರಿನ ಮನೆಗಳಲ್ಲಿ, ಸುತ್ತಲಿನ ಹುಣಸೂರು, ಪಿರಿಯಾಪಟ್ಟಣ, ಕೊಡಗಿನ ತೋಟದ ಮನೆಗಳಲ್ಲಿ ಹಳೆಯ ಸೀರೆ, ಪಂಚೆಗಳಿಂದ ಹೊಲಿದ ಕೌದಿಗೆ ಅಂಥ ಹೆಸರಿಲ್ಲ. ಕೆಲವರು ಅದನ್ನು ಬೊಂತೆ ಎನ್ನುತ್ತಾರೆ, ಉತ್ತರದ ಕಡೆ ಕೌದಿ ಎನ್ನುತ್ತಾರೆ. ಹೆಸರು ಯಾವುದಾದರೂ ಆಗಲಿ, ಹೊಲಿದಾಕೆಯನ್ನು "ಇದೇನಮ್ಮಾ, ಎಷ್ಟು ಚೆನ್ನಾಗಿದೆ" ಎಂದು ಕೇಳಿದರೆ ಬರುವ ಉತ್ತರ ಒಂದೇ: "ಏನಿಲ್ಲ, ಹಳೇ ಬಟ್ಟೆ."

ಈ "ಏನಿಲ್ಲ" ಎಂಬ ಮಾತೇ ಈ ಲೇಖನದ ವಿಷಯ. ಕೌದಿ ಹೊಲಿಯುವ ಕೈಗಳು ನಮ್ಮಲ್ಲಿ ಬೇಕಾದಷ್ಟಿವೆ. ಮಕ್ಕಳ ಓದಿಗೆಂದು ಮೈಸೂರಿನಲ್ಲಿ ಮನೆ ಮಾಡಿಕೊಂಡು, ಮಧ್ಯಾಹ್ನದ ಹೊತ್ತು ಒಬ್ಬರೇ ಕೂರುವ ತೋಟದ ಮನೆಯ ಹೆಂಗಸರೂ ಬಹಳ. ಅವರಿಗೆ ಕೊರತೆಯಿರುವುದು ಎರಡೇ: ಇದು ನನ್ನಿಂದಾದೀತು ಎಂಬ ಧೈರ್ಯ, ಇಷ್ಟು ದಿನಕ್ಕೆ ಇಷ್ಟು ಮಾಡುತ್ತೇನೆ ಎಂಬ ಗುರಿ. ಇವೆರಡನ್ನೂ ಎಲ್ಲಿಂದ ಕಲಿಯಬಹುದು ಎಂದು ಹುಡುಕಿದರೆ ದೂರ ಹೋಗಬೇಕಾಗಿಲ್ಲ. ನಮ್ಮದೇ ರಾಜ್ಯದ ಅಡಿಕೆ ಸೀಮೆಯಲ್ಲಿ ಅದಕ್ಕೆ ಗುರುಗಳಿದ್ದಾರೆ.

ಅಡಿಕೆ ತೋಟದ ನೆರೆಯಲ್ಲಿ ಕವಂದಿ

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳ ಕಾಡಂಚಿನಲ್ಲಿ ಸಿದ್ದಿ ಜನರು ನೆಲೆಸಿದ್ದಾರೆ. ಇವರ ಹಿರಿಯರು ಆಫ್ರಿಕದಿಂದ ಬಂದವರು. ಗೋವೆಯ ಪೋರ್ಚುಗೀಸರ ಬಳಿ ಗುಲಾಮರಾಗಿದ್ದು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಅವರಲ್ಲಿ ಅನೇಕರು. ಹಿಂದೂ, ಮುಸ್ಲಿಂ, ಕ್ರೈಸ್ತ - ಮೂರು ಧರ್ಮದವರೂ ಈ ಸಮುದಾಯದಲ್ಲಿದ್ದಾರೆ. 2003ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಅಲ್ಲಿನ ಅಡಿಕೆ ತೋಟಗಳಲ್ಲಿ ದುಡಿಯುವವರಲ್ಲಿ ಅವರೂ ಇದ್ದಾರೆ. ಹೀಗಾಗಿ ಅಡಿಕೆ ಬೆಳೆಗಾರರಿಗೆ ಅವರು ಅಪರಿಚಿತರೇನಲ್ಲ.

ಸಿದ್ದಿ ಹೆಂಗಸರು ಹೊಲಿಯುವ ಕೌದಿಗೆ ಅವರು ಕವಂದಿ ಎನ್ನುತ್ತಾರೆ. ಅದನ್ನು ಹೊಲಿಯುವ ಕ್ರಮ ಗಮನಿಸತಕ್ಕದ್ದು. ಅಡಿಗೆ ಒಂದು ಹತ್ತಿ ಸೀರೆ ಹಾಸುತ್ತಾರೆ. ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಅಳತೆಪಟ್ಟಿ ಹಿಡಿಯುವುದಿಲ್ಲ. ಒಂದು ಮೂಲೆಯಲ್ಲಿ ಸೂಜಿ ಚುಚ್ಚಿ, ಕೈಗೆ ಸಿಕ್ಕ ಬಟ್ಟೆಯ ತುಂಡಿನ ಅಂಚನ್ನು ಒಳಗೆ ಮಡಚಿ, ಓಟದ ಹೊಲಿಗೆಯಲ್ಲಿ ಅಂಚಿನುದ್ದಕ್ಕೂ ಸಾಗುತ್ತಾರೆ. ಒಂದು ತುಂಡು ಮುಗಿದರೆ ಪಕ್ಕದಲ್ಲಿ ಇನ್ನೊಂದು. ಹೀಗೆ ಸುತ್ತು ಹಾಕುತ್ತಾ ಹಾಕುತ್ತಾ ಕಡೆಗೆ ನಡುವನ್ನು ಮುಟ್ಟುತ್ತಾರೆ. ನಾಲ್ಕು ಮೂಲೆಗಳಲ್ಲಿ ತ್ರಿಕೋನವಾಗಿ ಮಡಚಿದ ಪುಟ್ಟ ಬಟ್ಟೆಗಳನ್ನು ಸಿಕ್ಕಿಸುತ್ತಾರೆ. ಇವಕ್ಕೆ "ಫೂಲ", ಅಂದರೆ ಹೂ ಎಂದು ಹೆಸರು. ಹೂವಿಲ್ಲದ ಕವಂದಿ ಬೆತ್ತಲೆ ಎಂಬ ಮಾತು ಅವರಲ್ಲಿದೆ. ಕ್ರೈಸ್ತ ಹೆಂಗಸರ ಕೆಲಸದಲ್ಲಿ ಶಿಲುಬೆಯೂ ಮುಸ್ಲಿಂ ಹೆಂಗಸರ ಕೆಲಸದಲ್ಲಿ ಅರ್ಧಚಂದ್ರವೂ ಕಾಣಿಸುವುದುಂಟು.

ಇವು ಮಾರುವುದಕ್ಕೆಂದು ಹುಟ್ಟಿದವಲ್ಲ. ಮಗುವಿಗೆ, ಮೊಮ್ಮಗುವಿಗೆ, ಮಳೆಗಾಲದ ಚಳಿಗೆ ಹೊಲಿದವು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರು ಸಿದ್ದಿಗಳ ಅಧ್ಯಯನಕ್ಕೆ ಬಂದು, ಈ ಕವಂದಿಗಳನ್ನು ಕಂಡು ಬೆರಗಾದರು. 2004ರ ಸುಮಾರಿಗೆ ಅವರ ನೆರವಿನಿಂದ ಸಿದ್ದಿ ಹೆಂಗಸರದೇ ಒಂದು ಕೌದಿ ಸಹಕಾರ ಕೂಟ ರೂಪುಗೊಂಡಿತು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಂ ಬಡಾವಣೆಯಲ್ಲಿರುವ ಶೋಂಬರ್ಗ್ ಕೇಂದ್ರದಲ್ಲಿ ಈ ಕವಂದಿಗಳ ಪ್ರದರ್ಶನವೇ ನಡೆಯಿತು. ಅಡಿಕೆ ತೋಟದ ಕೆಲಸ ಮುಗಿಸಿ ಬಂದು, ಜಗುಲಿಯಲ್ಲಿ ಕೂತು ಹೊಲಿದ ಹೊದಿಕೆ ಅಲ್ಲಿ ಗೋಡೆಯ ಮೇಲೆ ತೂಗಿತು.

ಕವಂದಿ ಬದಲಾಯಿಸಿದ್ದರಿಂದ ಇದು ಆದದ್ದಲ್ಲ. ಹೊಲಿಗೆ ಅದೇ, ಬಟ್ಟೆ ಅದೇ, ಕೈ ಅದೇ. ನೋಡಿದವರ ಕಣ್ಣು ಬೇರೆ. ಅಷ್ಟು ವರ್ಷ ಅದನ್ನು ದಿನವೂ ನೋಡುತ್ತಿದ್ದ ನಮಗೆ ಅದು ಕಾಣಿಸಿರಲಿಲ್ಲ ಎಂಬುದನ್ನು ಇಲ್ಲಿ ಹೇಳದೆ ಗತ್ಯಂತರವಿಲ್ಲ.

ಸುತ್ತಿನ ಲೆಕ್ಕ

ಸಿದ್ದಿ ಹೆಂಗಸರ ಕ್ರಮದಲ್ಲಿ ಗುರಿ ಕಟ್ಟಿಕೊಳ್ಳುವವರಿಗೆ ಒಂದು ದೊಡ್ಡ ಪಾಠವಿದೆ. ಲೆಕ್ಕ ಹಾಕಿ ನೋಡೋಣ.

ತೊಟ್ಟಿಲ ಮಗುವಿಗೆ ಮೂರು ಅಡಿ ಉದ್ದ, ಮೂರು ಅಡಿ ಅಗಲದ ಕೌದಿ ಎಂದುಕೊಳ್ಳಿ. ಅಂಚಿನ ಮೊದಲ ಸುತ್ತು ಹೆಚ್ಚುಕಡಿಮೆ 12 ಅಡಿ ಹೊಲಿಗೆ. ಅರ್ಧ ಅಂಗುಲಕ್ಕೊಂದು ಸಾಲಿನಂತೆ ಒಳಗೆ ಸರಿದರೆ, ನಡುವನ್ನು ಮುಟ್ಟಲು 36 ಸುತ್ತು ಬೇಕು. ಎಲ್ಲ ಕೂಡಿಸಿದರೆ ಒಟ್ಟು 216 ಅಡಿ ಹೊಲಿಗೆ. ಕೂತವರ ಎದೆ ಝಲ್ಲೆನ್ನುವುದು ಈ 216 ಎಂಬ ಸಂಖ್ಯೆ ಕೇಳಿಯೇ. ಆದರೆ ಪ್ರತಿ ಸುತ್ತೂ ಹಿಂದಿನದಕ್ಕಿಂತ ನಾಲ್ಕು ಅಂಗುಲ ಕಿರಿದಾಗುತ್ತಾ ಬರುತ್ತದೆ. 18 ಸುತ್ತು ಮುಗಿಯುವ ಹೊತ್ತಿಗೆ 162 ಅಡಿ ಹೊಲಿಗೆ ಮುಗಿದಿರುತ್ತದೆ. ಅಂದರೆ ಸುತ್ತಿನಲ್ಲಿ ಅರ್ಧ, ಕೆಲಸದಲ್ಲಿ ಮುಕ್ಕಾಲು. ಉಳಿದ 18 ಸುತ್ತಿಗೆ ಬರೀ 54 ಅಡಿ. ಕೊನೆಯ ಸುತ್ತು ಬೆರಳೆರಡರಷ್ಟೂ ಉದ್ದವಿರುವುದಿಲ್ಲ.

ಆದ್ದರಿಂದ ಕೆಲಸ ಭಾರವಾಗಿರುವುದು ಮೊದಲಿಗೆ. ಮನಸ್ಸಿನ ಅಳುಕು ಹೆಚ್ಚಾಗಿರುವುದೂ ಆಗಲೇ. ಅಂಚಿನ ನಾಲ್ಕಾರು ಸುತ್ತು ಹಾಕಿ, ನಡುವೆ ಇನ್ನೂ ಬಯಲಾಗಿ ಬಿದ್ದಿರುವ ಸೀರೆಯನ್ನು ಕಂಡು, "ಇದು ಯಾವಾಗ ಮುಗಿದೀತು, ಮುಗಿದರೂ ಚೆನ್ನಾಗಿ ಕಂಡೀತೇ" ಎಂದು ಎತ್ತಿಡುವವರೇ ಹೆಚ್ಚು. ಆ ಹೊತ್ತಿನಲ್ಲಿ ಇಡೀ ಕೌದಿಯ ಬಗ್ಗೆ ಯೋಚಿಸಬಾರದು. "ಇವತ್ತಿನ ಸುತ್ತು" ಎಂದಷ್ಟೇ ಇಟ್ಟುಕೊಳ್ಳಬೇಕು. ದಿನಕ್ಕೊಂದು ಸುತ್ತು ಎಂದರೆ 36 ದಿನ. ದಿನ ಕಳೆದಂತೆ ಹೊರೆ ಹಗುರ.

ಬೆಳೆಗಾರರ ಮನೆಯವರಿಗೆ ಈ ತಾಳ್ಮೆ ಹೊಸದಲ್ಲ. ಅಡಿಕೆ ಸಸಿ ನೆಟ್ಟವರು ಫಸಲಿಗೆ ಐದಾರು ವರ್ಷ ಕಾಯುತ್ತಾರೆ. ಕಾಫಿ ಗಿಡಕ್ಕೂ ಮೂರು ನಾಲ್ಕು ವರ್ಷ ಬೇಕು. ಮೊದಲ ವರ್ಷ ಗಿಡ ಗೇಣುದ್ದ ಇದೆಯೆಂದು ಯಾರೂ ಕಿತ್ತು ಹಾಕುವುದಿಲ್ಲ. ಗಿಡಕ್ಕೆ ಕೊಡುವ ಕಾಲವನ್ನು ತನ್ನ ಕೈಗೂ ಕೊಡಬೇಕೆಂಬುದಷ್ಟೇ ಇಲ್ಲಿನ ಮಾತು.

ಅಮೆರಿಕದ ಒಂದು ಸಹಕಾರ ಸಂಘ

ಕೌದಿಯನ್ನು ನೆಚ್ಚಿ ಸಹಕಾರ ಸಂಘ ಕಟ್ಟಿದ ಇನ್ನೊಂದು ನಿದರ್ಶನವನ್ನು ಸಹಕಾರಿಗಳಾದ ನಾವು ತಿಳಿದಿರಬೇಕು. ಅಮೆರಿಕದ ಅಲಬಾಮ ರಾಜ್ಯದ ವಿಲ್ಕಾಕ್ಸ್ ಕೌಂಟಿ ಹತ್ತಿ ಬೆಳೆಯುವ ಬಡ ಸೀಮೆ. ಅಲ್ಲಿನ ಕರಿಯ ಜನ ಬೇರೆಯವರ ಹೊಲದಲ್ಲಿ ಪಾಲಿಗೆ ದುಡಿಯುತ್ತಿದ್ದರು. 1960ರ ದಶಕದಲ್ಲಿ ಮತದಾರರ ಪಟ್ಟಿಯಲ್ಲಿ ಹೆಸರು ಬರೆಸಿದ್ದಕ್ಕಾಗಿ ಅನೇಕ ಕುಟುಂಬಗಳು ಹೊಲ, ಮನೆ ಎರಡನ್ನೂ ಕಳೆದುಕೊಂಡವು. ಇಂಥ ಕಾಲದಲ್ಲಿ, 1966ರಲ್ಲಿ, ಅಲ್ಲಿನ ಹೆಂಗಸರು "ಫ್ರೀಡಂ ಕ್ವಿಲ್ಟಿಂಗ್ ಬೀ" ಎಂಬ ಸಹಕಾರ ಸಂಘ ಕಟ್ಟಿದರು. ಅವರು ಹೊಲಿದ ಕೌದಿಗಳು ನ್ಯೂಯಾರ್ಕಿನಲ್ಲಿ ಹರಾಜಾದವು. ಬಂದ ದುಡ್ಡಿನಿಂದ ಸಂಘ ಸುಮಾರು 23 ಎಕರೆ ಜಮೀನು ಕೊಂಡು ಹೊಲಿಗೆ ಕೇಂದ್ರ ಕಟ್ಟಿಸಿತು. ಒಕ್ಕಲೆಬ್ಬಿಸಲ್ಪಟ್ಟ ಕೆಲವು ಕುಟುಂಬಗಳಿಗೆ ನಿವೇಶನವನ್ನೂ ಕೊಟ್ಟಿತು.

ಮುಂದೆ ದೊಡ್ಡ ಅಂಗಡಿಗಳ ಬೇಡಿಕೆ ಬಂತು. ಆ ಅಂಗಡಿಗಳಿಗೆ ಬೇಕಾದದ್ದು ಒಂದೇ ಅಳತೆ, ಒಂದೇ ನಮೂನೆ. ಎರಡು ಕೌದಿ ಒಂದರಂತೆ ಒಂದು ಇರಬಾರದೆಂದು ಹೊಲಿದು ಬಂದ ಕೈಗಳು ಒಂದೇ ಬಗೆಯ ನೂರಾರು ದಿಂಬಿನ ಚೀಲ ಹೊಲಿಯಬೇಕಾಯಿತು. 1970ರ ದಶಕದಲ್ಲಿ ಸಿಯರ್ಸ್ ಎಂಬ ಕಂಪನಿಗೆ ಕಾರ್ಡುರಾಯ್ ಬಟ್ಟೆಯ ದಿಂಬಿನ ಚೀಲ ಹೊಲಿದುಕೊಟ್ಟರು. ಆ ಕೂಲಿ ಮನೆ ನಡೆಸಿತು. ಆದರೆ ಅವರು ಅಲ್ಲಿಗೆ ನಿಲ್ಲಲಿಲ್ಲ. ಚೀಲ ಕತ್ತರಿಸಿ ಉಳಿದ ಕಾರ್ಡುರಾಯ್ ಚೂರುಗಳನ್ನು ಮನೆಗೊಯ್ದು ತಮಗೆ ತೋಚಿದಂತೆ ಕೌದಿ ಹೊಲಿದರು. ಆ ಸೀಮೆಯ ಗೀಸ್ ಬೆಂಡ್ ಎಂಬ ಹಳ್ಳಿಯ ಕೌದಿಗಳು 2002ರಲ್ಲಿ ಹ್ಯೂಸ್ಟನ್ನಿನ ಲಲಿತಕಲಾ ಸಂಗ್ರಹಾಲಯದಲ್ಲಿಯೂ ಆಮೇಲೆ ನ್ಯೂಯಾರ್ಕಿನಲ್ಲಿಯೂ ಪ್ರದರ್ಶನಗೊಂಡಾಗ, ಜನರನ್ನು ಬೆರಗುಗೊಳಿಸಿದವುಗಳಲ್ಲಿ ಈ ಚೂರಿನ ಕೌದಿಗಳೂ ಇದ್ದವು. 2006ರಲ್ಲಿ ಅಮೆರಿಕ ಸರ್ಕಾರ ಗೀಸ್ ಬೆಂಡ್ ಕೌದಿಗಳ ಚಿತ್ರವಿರುವ ಅಂಚೆಚೀಟಿಗಳನ್ನೇ ಹೊರತಂದಿತು. ಸಂಘವು 2012ರಲ್ಲಿ ಮುಚ್ಚಿತು, ಕೌದಿಗಳು ಉಳಿದವು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಗುರಿಗಳು ಎರಡು ಬಗೆಯವು. ಒಂದು, ಕೊಳ್ಳುವವರು ಕೇಳಿದ್ದನ್ನು ಹೇಳಿದ ದಿನಕ್ಕೆ ಮಾಡಿಕೊಡುವುದು. ಇನ್ನೊಂದು, ತನ್ನ ಮನಸ್ಸಿಗೆ ಬಂದದ್ದನ್ನು ಮಾಡಿ ನೋಡುವುದು. ಮೊದಲನೆಯದರಿಂದ ಅಕ್ಕಿ ಬೇಳೆ ಬರುತ್ತದೆ. ಎರಡನೆಯದಿಲ್ಲದಿದ್ದರೆ ಕೈ ಬರೀ ಯಂತ್ರವಾಗುತ್ತದೆ. ಎರಡಕ್ಕೂ ವರ್ಷದಲ್ಲಿ ಜಾಗ ಇಟ್ಟುಕೊಳ್ಳಬೇಕು.

ಅಳುಕಿನ ನಾಲ್ಕು ಮುಖ

ಹೆಂಗಸರು ಸೂಜಿ ಕೆಳಗಿಡುವುದಕ್ಕೆ ಹೇಳುವ ಕಾರಣಗಳು ಸಾಮಾನ್ಯವಾಗಿ ನಾಲ್ಕು.

ಒಂದನೆಯದು: "ಇದೇನು ಕಲೆಯೇ?" ಇದಕ್ಕೆ ಮೇಲಿನ ಎರಡು ನಿದರ್ಶನಗಳೇ ಉತ್ತರ. ಇನ್ನೂ ಬೇಕೆಂದರೆ ನಮ್ಮ ಸಂಡೂರನ್ನು ನೋಡಬಹುದು. ಅಲ್ಲಿನ ಲಂಬಾಣಿ ಹೆಂಗಸರ ತೇಪೆ ಮತ್ತು ಕಸೂತಿ ಕೆಲಸಕ್ಕೆ 2010ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರಕಿತು. 2023ರಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಭೆಯಲ್ಲಿ ಅವರ ಕೆಲಸವನ್ನು ಹೊರದೇಶದ ಅತಿಥಿಗಳ ಮುಂದೆ ಹರಡಲಾಯಿತು.

ಎರಡನೆಯದು: "ನನ್ನ ಹೊಲಿಗೆ ನೆಟ್ಟಗಿಲ್ಲ." ನೆಟ್ಟಗಿನ ಹೊಲಿಗೆ ಬೇಕಾದವರಿಗೆ ಯಂತ್ರವಿದೆ. ಕೈಹೊಲಿಗೆಯ ಸಾಲು ಸ್ವಲ್ಪ ಓಲಾಡಿದರೆ ಅದು ಆ ಕೈಯ ಗುರುತು. ನೋಡಬೇಕಾದದ್ದು ಬೇರೆ: ಹೊಲಿಗೆ ಸಡಿಲವಾಗಿಲ್ಲ ತಾನೇ, ಎಲ್ಲ ಪದರಗಳನ್ನೂ ಹಿಡಿದಿದೆ ತಾನೇ, ಒಗೆದರೆ ತಾಳುತ್ತದೆ ತಾನೇ? ಗಟ್ಟಿತನದಲ್ಲಿ ರಿಯಾಯಿತಿ ಬೇಡ. ಓಲಾಟದ ಚಿಂತೆ ಬೇಡ.

ಮೂರನೆಯದು: "ಹೊತ್ತೆಲ್ಲಿದೆ?" ಇದು ನಿಜವಾದ ಕಷ್ಟ. ಕೊಯ್ಲಿನ ದಿನಗಳಲ್ಲಿ ಆಳುಗಳ ಊಟ ತಿಂಡಿ, ಅಡಿಕೆ ಸುಲಿತ, ಕಾಫಿ ಕಣ ಎಂದು ಹೆಂಗಸರಿಗೆ ಕೂರಲು ಬಿಡುವಿರುವುದಿಲ್ಲ. ಅದನ್ನು ಸೋಮಾರಿತನವೆಂದು ಹಳಿದುಕೊಳ್ಳಬಾರದು. ಆ ತಿಂಗಳುಗಳನ್ನು ಬಿಟ್ಟೇ ಗುರಿ ಹಾಕಿಕೊಳ್ಳಬೇಕು.

ನಾಲ್ಕನೆಯದು: "ಮನೆಯವರು ಏನೆಂದುಕೊಳ್ಳುತ್ತಾರೋ?" ಈ ಅಳುಕು ಹೊಲಿಯುವಾಕೆಯ ಒಳಗೆ ತಾನಾಗಿ ಹುಟ್ಟಿದ್ದಲ್ಲ. ಹೊದ್ದು ಮಲಗಿದವರು ಒಂದು ದಿನವೂ "ಇದನ್ನು ಹೊಲಿದವರು ಯಾರು" ಎಂದು ಕೇಳದೆ ಹುಟ್ಟಿಸಿದ್ದು. ಆದ್ದರಿಂದ ಇದರ ಪರಿಹಾರವೂ ಮನೆಯ ಗಂಡಸರ ಕೈಯಲ್ಲಿದೆ. ಒಂದು ಒಳ್ಳೆಯ ಮಾತು, ಮಧ್ಯಾಹ್ನದ ಒಂದು ಗಂಟೆ ಬಿಡುವು, ಬೆಳಕು ಬೀಳುವ ಕಡೆ ಒಂದು ಚಾಪೆ - ಇಷ್ಟಕ್ಕೆ ಖರ್ಚೇನಿಲ್ಲ.

ತೋಟದ ಪಂಚಾಂಗಕ್ಕೆ ಹೊಂದುವ ಗುರಿ

"ನಾನು ದೊಡ್ಡ ಕೌದಿ ಕಲಾವಿದೆಯಾಗಬೇಕು" ಎಂಬುದು ಆಸೆ. "ಈ ದಸರೆಗೆ ಮೂರು ಅಡಿಯ ಒಂದು ಕೌದಿ ಮುಗಿಸುತ್ತೇನೆ" ಎಂಬುದು ಗುರಿ. ಗುರಿಗೆ ಅಳತೆ, ದಿನ ಎರಡೂ ಬೇಕು. ತೋಟದ ಮನೆಯವರಿಗೆ ಒಗ್ಗುವಂಥ ಒಂದು ಕ್ರಮವನ್ನು ಇಲ್ಲಿ ಕೊಟ್ಟಿದೆ.

ಮಾರ್ಚ್, ಏಪ್ರಿಲ್: ರೊಬಸ್ಟ ಕೊಯ್ಲು ಮುಗಿದ ಮೇಲೆ ಬಟ್ಟೆ ಕೂಡಿಸುವ ಕೆಲಸ. ಮೆತ್ತಗಾದ ಹತ್ತಿ ಸೀರೆ, ಪಂಚೆ, ಲಂಗ, ಶರ್ಟುಗಳನ್ನು ಆರಿಸಿ, ಒಗೆದು, ಬಿಸಿಲಿಗೆ ಚೆನ್ನಾಗಿ ಒಣಗಿಸಿ. ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಒರಸಿ ನೋಡಿ. ಬಣ್ಣ ಅಂಟಿದರೆ ಆ ತುಂಡು ಬೇಡ. ದಪ್ಪ ಬಟ್ಟೆಯನ್ನೂ ತೆಳು ಬಟ್ಟೆಯನ್ನೂ ಒಂದೇ ಕೌದಿಯಲ್ಲಿ ಬೆರೆಸದಿದ್ದರೆ ಹೊಲಿಗೆ ಸುಖ.

ಮೇ: ಕೈ ಪಳಗಿಸಲು ಒಂದೂವರೆ ಅಡಿಯ ಚೌಕದ ಆಸನ. ಇದನ್ನು ಯಾರಿಗೂ ತೋರಿಸಬೇಕಾಗಿಲ್ಲ. ಗೋಣಿ ಹೊಲಿಯುವ ದಬ್ಬಣ ಬೇಡ. ಉದ್ದನೆಯ ಕೈಹೊಲಿಗೆ ಸೂಜಿ ಸಾಕು. ದಾರ ಎರಡು ಮೊಳಕ್ಕಿಂತ ಉದ್ದ ಬೇಡ, ಗಂಟು ಬೀಳುತ್ತದೆ.

ಜೂನ್‌ನಿಂದ ಆಗಸ್ಟ್: ಹೊರಗೆ ಮಳೆ ಹಿಡಿದು ಕೂತಾಗ ಮೂರು ಅಡಿಯ ಕೌದಿ. ಔಷಧಿ ಹೊಡೆಯುವ ದಿನಗಳನ್ನು ಬಿಟ್ಟು ಲೆಕ್ಕ ಹಾಕಿದರೂ 36 ಮಧ್ಯಾಹ್ನ ಸಿಕ್ಕೇ ಸಿಗುತ್ತವೆ. ಮಳೆಗಾಲದಲ್ಲಿ ಬಟ್ಟೆಗೆ ಬೂಷ್ಟು ಹಿಡಿಯದಂತೆ ದಿನವೂ ಬಿಡಿಸಿ ಗಾಳಿಗಿಡಬೇಕು.

ಸೆಪ್ಟೆಂಬರ್, ಅಕ್ಟೋಬರ್: ನಾಲ್ಕು ಜನಕ್ಕೆ ತೋರಿಸುವ ಕಾಲ. ಸಹಕಾರ ಸಂಘಗಳ ವಾರ್ಷಿಕ ಮಹಾಸಭೆ ನಡೆಯುವುದು ಹೆಚ್ಚಾಗಿ ಸೆಪ್ಟೆಂಬರಿನಲ್ಲಿ. ಸಭಾಂಗಣದ ಒಂದು ಗೋಡೆಗೆ ಹಗ್ಗ ಕಟ್ಟಿ ಸದಸ್ಯರ ಮನೆಯ ಕೌದಿಗಳನ್ನು ತೂಗುಹಾಕಿದರೆ ಅದೇ ಮೊದಲ ಪ್ರದರ್ಶನ. ಆಮೇಲೆ ಮೈಸೂರು ಇದ್ದೇ ಇದೆ. ದೊಡ್ಡಕೆರೆ ಮೈದಾನದ ದಸರಾ ವಸ್ತುಪ್ರದರ್ಶನ, ಮಹಿಳಾ ದಸರಾ, ಕುಶಲಕರ್ಮಿಗಳ ಮೇಳ ನಡೆಯುವ ಜೆಎಸ್‌ಎಸ್ ಅರ್ಬನ್ ಹಾತ್ - ಇವನ್ನೆಲ್ಲ ಈ ವರ್ಷ ನೋಡಿ ಬನ್ನಿ. ಅಲ್ಲಿ ಬಂದವರು ಏನನ್ನು ಮುಟ್ಟಿ ನೋಡುತ್ತಾರೆ, ಯಾವುದರ ಬೆಲೆ ಕೇಳುತ್ತಾರೆ ಎಂದು ಗಮನಿಸಿ. ಮಳಿಗೆ ಹಾಕುವ ಯೋಚನೆ ಮುಂದಿನ ವರ್ಷಕ್ಕಿರಲಿ.

ನವೆಂಬರಿನಿಂದ ಫೆಬ್ರವರಿ: ಸೂಜಿಗೆ ರಜ. ತಲೆಗೆ ಹೊಳೆದ ಬಣ್ಣದ ಜೋಡಿಯನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟರೆ ಸಾಕು. ತೋಟದ ದಿನಚರಿ ಬರೆಯುವ ಪುಸ್ತಕದ ಹಿಂದಿನ ಹಾಳೆಗಳೂ ಆದೀತು.

ಬೆಲೆ ಮತ್ತು ಹೆಸರು

ಮಾರುವ ಮಾತು ಬಂದಾಗ ಹೆಂಗಸರು ಮತ್ತೆ "ಏನಿಲ್ಲ"ಕ್ಕೆ ಬಂದು ನಿಲ್ಲುತ್ತಾರೆ. ಕೊಟ್ಟಷ್ಟು ಕೊಡಿ ಎನ್ನುತ್ತಾರೆ. ಇದನ್ನು ತಪ್ಪಿಸಲು ಒಂದೇ ದಾರಿ, ಗಂಟೆಗಳ ಲೆಕ್ಕ. ಕೂತ ದಿನ, ಕೂತ ಹೊತ್ತು ಬರೆದಿಡಬೇಕು. ಉದಾಹರಣೆಗೆ, ಒಂದು ಕೌದಿಗೆ 60 ಗಂಟೆ ಹಿಡಿಯಿತೆಂದರೆ, ದಿನಕ್ಕೆ ಎಂಟು ಗಂಟೆಯಂತೆ ಏಳೂವರೆ ದಿನದ ಕೂಲಿ. ತೋಟದಲ್ಲಿ ಆಳಿಗೆ ಕೊಡುವ ಕೂಲಿಯಿಂದ ಅದನ್ನು ಗುಣಿಸಿ, ದಾರ, ಬಟ್ಟೆಯ ಖರ್ಚು ಸೇರಿಸಿದರೆ ಅದು ಅಸಲು. ಅದಕ್ಕಿಂತ ಕಡಿಮೆಗೆ ಕೊಟ್ಟರೆ ನಷ್ಟಕ್ಕೆ ಕಾಫಿ ಮಾರಿದಂತೆ. ಕೊಳ್ಳುವವರು ಅಷ್ಟು ಕೊಡದಿದ್ದರೆ ಮನೆಯ ಮಗುವಿಗೇ ಹೊದಿಸಬಹುದು. ಆದರೆ ಲೆಕ್ಕ ತಿಳಿದಿರಲಿ. ತನ್ನ ಕೆಲಸದ ಬೆಲೆ ತನಗೆ ಗೊತ್ತಿರುವವರಿಗೆ ಅಳುಕು ಕಡಿಮೆ.

ಇದೇ ಲೆಕ್ಕ ನಮ್ಮ ತೋಟಗಳಲ್ಲಿ ದುಡಿಯುವ ಹೆಂಗಸರ ಕೌದಿಗೂ ಸಲ್ಲಬೇಕು. ಲೈನ್ ಮನೆಗಳಲ್ಲಿ, ಹಾಡಿಗಳಲ್ಲಿ ಕೌದಿ ಹೊಲಿಯುವವರಿದ್ದರೆ ಅವರ ಕೆಲಸವನ್ನೂ ಸಂಘದ ಗೋಡೆಗೆ ತರಬೇಕು. ಅವರಿಂದ ಹೊಲಿಸಿಕೊಂಡು ಬೇರೆ ಹೆಸರಿನಲ್ಲಿ ತೋರಿಸುವುದು ಖಂಡಿತ ಸಲ್ಲದು.

ಕೊನೆಯದಾಗಿ ಹೆಸರಿನ ವಿಷಯ. ಅಲಬಾಮದ ಮಿಸ್ಸೂರಿ ಪೆಟ್ವೇ ಎಂಬಾಕೆ 1942ರಲ್ಲಿ, ತೀರಿಕೊಂಡ ಗಂಡನ ಹೊಲಗೆಲಸದ ಬಟ್ಟೆಗಳನ್ನೇ ಕತ್ತರಿಸಿ ಒಂದು ಕೌದಿ ಹೊಲಿದಳು. ಅದು ಇಂದು ಪ್ರಸಿದ್ಧವಾಗಿದೆ. ಹೊಲಿದವಳ ಹೆಸರೂ ವರ್ಷವೂ ಜೊತೆಗೆ ಉಳಿದಿವೆ. ನಮ್ಮ ಅಟ್ಟದ ಮೇಲಿರುವ ಕೌದಿಗಳಲ್ಲಿ ಎಷ್ಟಕ್ಕೆ ಹೆಸರಿದೆ? ಯಾವ ಅಜ್ಜಿ, ಯಾವ ವರ್ಷ, ಯಾರ ಸೀರೆ ಎಂದು ಹೇಳಬಲ್ಲವರು ಮನೆಯಲ್ಲಿ ಇನ್ನೂ ಇರುವಾಗಲೇ ಕೇಳಿ ಬರೆದಿಡಬೇಕು. ಹೊಸದಾಗಿ ಹೊಲಿಯುವವರು ಕೌದಿಯ ಹಿಂಬದಿಯ ಮೂಲೆಯಲ್ಲಿ ತಮ್ಮ ಹೆಸರನ್ನೂ ಇಸವಿಯನ್ನೂ ದಾರದಲ್ಲೇ ಹೊಲಿಯಲಿ. ನಾಲ್ಕಕ್ಷರ ಹೊಲಿಯಲು ಕಾಲು ಗಂಟೆ ಸಾಕು.

ಆಸಕ್ತಿಯುಳ್ಳ ಸೋದರಿಯರು ಈ ವಾರವೇ ಒಂದು ಹಳೆಯ ಸೀರೆ ಒಗೆದು ಬಿಸಿಲಿಗೆ ಹಾಕಲಿ. ಮೊದಲ ಸುತ್ತಿಗೆ ಬೇಕಾದದ್ದು ಅಷ್ಟೇ.